ಅಣವೀರಪ್ಪನ ಅರ್ಧ ತುಳಿತ

ಸೀಸದ ಗುಂಡೊಂದು ಹಿತ್ತಾಳೆಯ ಕೊಳವೆಯೊಳಗೆ ಎಷ್ಟು ಆಳಕ್ಕೆ ಕೂರಬೇಕು, ಕೂತ ಮೇಲೆ ಆ ಕೊಳವೆಯ ಬಾಯಿ ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ಮೇಲುನೋಟಕ್ಕೆ ಅಷ್ಟೇನೂ ಘನವಾದ ಪ್ರಶ್ನೆಯಲ್ಲ. ಆದರೆ ಬಾಂಗ್ಲಾ ಯುದ್ಧ ಮುಗಿದು ಎರಡು ಮಳೆಗಾಲ ಕಳೆದಿದ್ದ ಆ ವರ್ಷ, ದೇಶವೆಲ್ಲ ಸಕ್ಕರೆ, ಸೀಮೆಎಣ್ಣೆ, ಡಾಲ್ಡಾಗಳ ಚಿಂತೆಯಲ್ಲಿದ್ದಾಗ, ದಹಿಸರಿನ ಒಂದು ಚಾಳಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ. ಒಬ್ಬ ಸೇಠ್, ಒಬ್ಬ ಫೌಜದಾರ, ಒಬ್ಬ ನಿವೃತ್ತ ಹವಾಲ್ದಾರ ಮತ್ತು ಅಫಜಲಪುರದ ಒಂದು ಹಿಟ್ಟಿನ ಗಿರಣಿ ಈ ಪ್ರಶ್ನೆಯಲ್ಲಿ ಸಿಕ್ಕಿಕೊಂಡವು. ಚಾಳಿನಲ್ಲಿ ಈಗಾಗಲೇ ಈ ಬಗ್ಗೆ ಬೇರೆ ಬೇರೆ ಕಥೆಗಳು ಓಡಾಡುತ್ತಿರುವುದರಿಂದ ನಿಜವಾದದ್ದನ್ನು ಹೇಳಿಬಿಡುವುದು ಲೇಸು.

ಅಣವೀರಪ್ಪ ಅಂಧೇರಿಯ ಒಂದು ಸೋಡಾ ಕಂಪನಿಯಲ್ಲಿ ಬಾಟ್ಲಿಗಳಿಗೆ ಬಿಲ್ಲೆ ಒತ್ತುವ ಮಷೀನಿನವನು. ಬಾಟ್ಲಿ ಇಡಬೇಕು, ಅದರ ಮೇಲೆ ತಗಡಿನ ಬಿಲ್ಲೆ ಇಡಬೇಕು, ಕಾಲಿನಿಂದ ಪೆಡಲ್ ತುಳಿಯಬೇಕು. ಮೇಲಿನಿಂದ ಕಬ್ಬಿಣದ ಟೋಪಿಯೊಂದು ಇಳಿದು ಬಿಲ್ಲೆಯ ಅಂಚನ್ನು ಬಾಟ್ಲಿಯ ತುಟಿಗೆ ಕಚ್ಚಿಸಿಬಿಡುತ್ತದೆ. ಊರಿಗೆ ಹೋದಾಗ ಅವನು ತನ್ನ ಕೆಲಸವನ್ನು 'ಮಷೀನ್ ಲೈನಿನಾಗ' ಎಂದಷ್ಟೇ ಹೇಳುತ್ತಿದ್ದ. ಕೇಳಿದವರು ಅದನ್ನು ಇಂಜಿನಿಯರ್ ಎಂದು ತಿಳಿದುಕೊಂಡರೆ ತಿದ್ದಿ ಅವರ ಮನಸ್ಸು ನೋಯಿಸುವಂಥ ಸ್ವಭಾವ ಅವನದಲ್ಲ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರೇ ಇರಲಿಲ್ಲ. ದಾದರ್ ಸ್ಟೇಶನ್ನಿನಲ್ಲಿ ಅಪರಿಚಿತರು ದಾರಿ ಕೇಳಿದರೂ ಅವನು ಹೇಳುತ್ತಿದ್ದ, ಅವರು ಹೋಗುತ್ತಿದ್ದರು, ಮುಂದೆ ಏನಾಯಿತೆಂದು ವಿಚಾರಿಸಲು ಅವರು ಮರಳಿ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಅವನು ಕಂಪನಿಯಲ್ಲಿ ಇನ್ನೂ ಟೆಂಪರ್ವರಿ. ಬಾಟ್ಲಿಗೆ ಶರಬತ್ತು ತುಂಬುವ ಶೆಟ್ಟೆಪ್ಪನೂ ಟೆಂಪರ್ವರಿ. ಪರ್ಮನೆಂಟ್ ಜಾಗ ಖಾಲಿ ಇದ್ದದ್ದು ಒಂದೇ. ಮುಂದಿನ ವಾರ ಸೇಠ್‌ಜಿ ಕಂಪನಿಗೆ ಬಂದಾಗ ಅದು ಯಾರಿಗೆಂದು ತೀರ್ಮಾನವಾಗುವುದಿತ್ತು. ಹೆಂಡತಿ ಸುಂದ್ರವ್ವ ಈ ಸಲ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: ಪರ್ಮನೆಂಟ್ ಆಗದಿದ್ದರೆ ಗಂಟುಮೂಟೆ ಕಟ್ಟಿ ಅಫಜಲಪುರಕ್ಕೆ ಹೋಗುವುದು. ಅಲ್ಲಿ ಅವಳ ತಮ್ಮ ನೀಲಕಂಠಪ್ಪ ತನ್ನ ಹಿಟ್ಟಿನ ಗಿರಣಿಯಲ್ಲಿ ಭಾವನಿಗೊಂದು ಸ್ಟೂಲು ಹಾಕಿಕೊಡಲು ತಯಾರಿದ್ದ.

"ಜ್ವಾಳ ತೂಗೋದೇನ್ ಕಡಿಮಿ ಕೆಲಸೇನ್ರಿ?" ಎಂದಳು ಸುಂದ್ರವ್ವ. "ಅದೂ ಮಷೀನ್ ಲೈನೇ ಅದ."

ಇಡೀ ಊರಿನೆದುರು ಹೆಂಡತಿಯ ತಮ್ಮನಿಂದ 'ಏ ಮಾಮಾ, ಬೆಲ್ಟ್ ಹಾಕು' ಎನ್ನಿಸಿಕೊಳ್ಳುವ ದೃಶ್ಯ ಅಣವೀರಪ್ಪನ ಕಣ್ಣಿಗೆ ಊಟದ ಹೊತ್ತಿನಲ್ಲೇ ಕಟ್ಟತೊಡಗಿತು.

ಇಂಥ ವಾರದಲ್ಲಿ ಮನುಷ್ಯ ಸುಮ್ಮನೆ ಮನೆಯಲ್ಲಿರಬೇಕು. ಅಣವೀರಪ್ಪ ರವಿವಾರ ಅಂಧೇರಿಯ ಸ್ಟುಡಿಯೋಗೆ ಶೂಟಿಂಗ್ ನೋಡಲು ಹೋದ. ಅಲ್ಲಿ ಕ್ಯಾಂಟೀನ್ ನಡೆಸುವ ಉಡುಪಿ ಕಡೆಯ ಕೊರಗಪ್ಪ, ಸೋಡಾ ಕಂಪನಿಯ ಖಾಯಂ ಗಿರಾಕಿ. ಆ ಸಲುಗೆಯಿಂದ ಅಣವೀರಪ್ಪನಿಗೆ ಅಲ್ಲಿ ಚಹಾಕ್ಕೂ ಕುರ್ಚಿಗೂ ಕೊರತೆ ಇರಲಿಲ್ಲ. ಆ ದಿನ ಪಕ್ಕದ ಕುರ್ಚಿಯಲ್ಲಿ ದೊಡ್ಡ ಮೀಸೆಯ ಬಸವಂತರಾಯ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಬೀದರಿನವನು, ಪಲ್ಟನ್ನಿನಲ್ಲಿ ಹವಾಲ್ದಾರನಾಗಿ ಬಂದೂಕು ರಿಪೇರಿ ಮಾಡುತ್ತಿದ್ದವನು, ಈಗ ಸ್ಟುಡಿಯೋದ ಬಂದೂಕುಗಳ ಉಸ್ತುವಾರಿ.

ಅವನ ಕಷ್ಟ ಹೀಗಿತ್ತು. ದರೋಡೆ ಮಾಡುವ ಡಾಕುಗಳ ಪಿಕ್ಚರು. ಡಾಕುವಿನ ಕೈಯಲ್ಲಿ ವಿಲಾಯತಿ ರೈಫಲ್ಲು, ಟ್ರಿಗರಿನ ಕೆಳಗಿನ ಹಿಡಿಕೆಯನ್ನು ಒಮ್ಮೆ ಕೆಳಗೆ ಎಳೆದು ಮೇಲೆ ಒತ್ತಿದರೆ ಹಳೆಯ ಕಾಡತೂಸು ಹೊರಗೆ ಹಾರಿ ಹೊಸದು ಒಳಗೆ ಹೋಗುವಂಥದ್ದು. ಡಾಕು ಕಾಡತೂಸುಗಳನ್ನು ಒಂದೊಂದಾಗಿ ತುಂಬುವುದನ್ನು ಕ್ಯಾಮೆರಾ ಮೂಗಿನ ಹತ್ತಿರ ಬಂದು ನೋಡಬೇಕೆಂದು ಡೈರೆಕ್ಟರನ ಹಟ. ಜೀವಂತ ಕಾಡತೂಸು ಸೆಟ್ಟಿನ ಮೇಲೆ ತರುವಂತಿಲ್ಲ. ಬರೀ ಸದ್ದು ಮಾಡುವ ಪೊಳ್ಳು ಕಾಡತೂಸಿಗೆ ತುದಿಯಲ್ಲಿ ಗುಂಡಿರುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಹಾಗಾಗಿ ಮದ್ದಿಲ್ಲದ ಖಾಲಿ ಖೋಕಾಗಳಿಗೆ, ಅಂದರೆ ಹಿತ್ತಾಳೆಯ ಕೊಳವೆಗಳಿಗೆ, ಸೀಸದ ಗುಂಡು ಕೂರಿಸಿ, ಬಾಯಿ ಬಿಗಿದು, ನಿಜದಂತೆ ಮಾಡಬೇಕು. ಅದಕ್ಕಿದ್ದ ಕೈಯಂತ್ರದ ಹಿಡಿಕೆ ಮುರಿದಿತ್ತು. ಹೊಸ ಹಿಡಿಕೆ ವಿಲಾಯತಿಯಿಂದ ಬರಬೇಕು, ಬರಲು ಸರ್ಕಾರ ಪರವಾನಗಿ ಕೊಡಬೇಕು, ಕೊಡುವಷ್ಟರಲ್ಲಿ ಡಾಕುವಿಗೆ ಮೊಮ್ಮಕ್ಕಳಾಗುತ್ತಿದ್ದವು.

"ಗುಂಡು ಕೂರಿಸೋದು ಹೆಂಗರೆ ಆಗ್ತದ," ಎಂದ ಬಸವಂತರಾಯ. "ಬಾಯಿ ಬಿಗಿಯೋದದ ನೋಡ್ರಿ, ಅದs ಖರೆ ಕೆಲಸ."

"ಬಾಯಿ ಬಿಗಿಯುದಾ?" ಕೊರಗಪ್ಪ ಗಲ್ಲಾದಿಂದಲೇ ಹೇಳಿದ. "ಅದಕ್ಕೆ ಎಂತ ಮಂಡೆಬಿಸಿ ಮಾರಾಯ್ರೆ? ನಮ್ಮ ಅಣವೀರಪ್ಪ ಬೆಳಗ್ಗೆಯಿಂದ ಸಂಜೆಯವರೆಗೆ ಮಾಡುದು ಬೇರೆ ಎಂತದ್ದು?"

ಬಸವಂತರಾಯ ಅಣವೀರಪ್ಪನ ಕಡೆ ತಿರುಗಿ, ಬರುತ್ತದೆಯೇ ಎಂದು ಕೇಳಿದ. ಕಾಡತೂಸನ್ನು ಅಣವೀರಪ್ಪ ಅಲ್ಲಿಯವರೆಗೆ ಪೋಸ್ಟರಿನಲ್ಲಷ್ಟೇ ನೋಡಿದ್ದ.

"ಅದೇನ್ ದೊಡ್ಡ ಮಾತ್ರಿ," ಎಂದ.

ಒಂದು ಚೀಲ ಖೋಕಾ, ಒಂದು ಚೀಲ ಸೀಸದ ಗುಂಡು ದಹಿಸರಿಗೆ ಬಂದವು. ಸಂಜೆ ಅಣವೀರಪ್ಪ ಚಾಳಿನ ಗ್ಯಾಲರಿಯಲ್ಲಿ ಕೂತು, ಖೋಕಾವನ್ನು ಮಣೆಯ ಮೇಲೆ ನಿಲ್ಲಿಸಿ, ಬಾಯಿಗೆ ಗುಂಡಿಟ್ಟು, ಸುಂದ್ರವ್ವನ ಲಟ್ಟಣಿಗೆಯಿಂದ ಬಡಿಯತೊಡಗಿದ. ಕೆಲವು ಗುಂಡು ಮಿನಾರಿನಂತೆ ಎತ್ತರ ನಿಂತವು. ಕೆಲವು ಪೂರ್ತಿ ಮುಳುಗಿ ನೆತ್ತಿಯನ್ನಷ್ಟೇ ತೋರಿಸಿದವು. ಬಾಯಿ ಬಿಗಿಯುವ ಸಲುವಾಗಿ ಸುತ್ತಲೂ ಲಟ್ಟಣಿಗೆಯಿಂದಲೇ ನಾಲ್ಕು ಪೆಟ್ಟು ಹಾಕಿದ. ಸಾಲಾಗಿ ನಿಲ್ಲಿಸಿ ದೂರದಿಂದ ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಂಡವು. ದೂರದಿಂದ ನೋಡುವುದು ಅವನ ಪದ್ಧತಿ.

ನಲ್ಲಿಗೆ ನೀರಿಗೆ ಹೊರಟಿದ್ದ ಪಕ್ಕದ ಖೋಲಿಯ ರುಕ್ಮಿಣಿಬಾಯಿ ಕೊಡ ಕೆಳಗಿಟ್ಟು, ಇದೇನೆಂದು ಕೇಳಿದಳು. ಪಿಕ್ಚರಿನ ಸುಳ್ಳು ಕಾಡತೂಸು ಎಂದಿದ್ದರೆ ಅವಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಆದರೆ ಗ್ಯಾಲರಿಯಲ್ಲಿ ಆ ಹೊತ್ತಿಗೆ ಇನ್ನೂ ನಾಲ್ಕು ಜನ ನಿಂತಿದ್ದರು.

"ಅದನ್ನ ಹೇಳೋ ಹಂಗಿಲ್ಲ, ಬಾಯಿ," ಎಂದ ಅಣವೀರಪ್ಪ, ಗುಂಡೊಂದನ್ನು ಬೆರಳಲ್ಲಿ ಹಿಡಿದು. "ಮ್ಯಾಲಿನವರ ಕೆಲಸ."

ಆ ಮಾತು ನಲ್ಲಿಯ ಹತ್ತಿರ ಹೋಗಿ ಮರಳುವಷ್ಟರಲ್ಲಿ ದೊಡ್ಡದಾಗಿತ್ತು. ಸರ್ಕಾರ ಗುಟ್ಟಾಗಿ ಮನೆಮನೆಗೂ ಮದ್ದುಗುಂಡಿನ ಕೆಲಸ ಹಂಚುತ್ತಿದೆ, ಅಂದಮೇಲೆ ಮತ್ತೆ ಯುದ್ಧ ಬರುವುದು ನಿಶ್ಚಯ ಎಂಬುದು ರುಕ್ಮಿಣಿಬಾಯಿಯ ತೀರ್ಪು. ಕೊನೆಯ ಖೋಲಿಯ ರಿಟೈರ್ಡ್ ಗಾರ್ಡ್ ಹಿಂದಿನ ಯುದ್ಧದಲ್ಲಿ ವಿಮಾನಗಳಿಗೆ ಬೆಳಕು ಕಾಣದಂತೆ ಕಿಟಕಿಗೆ ಹಚ್ಚಿದ್ದ ಕಪ್ಪು ಕಾಗದವನ್ನು ಮಡಿಸಿ ಟ್ರಂಕಿನಲ್ಲಿಟ್ಟಿದ್ದ. ಅದನ್ನು ತೆಗೆದು ಮತ್ತೆ ಹಚ್ಚಿದ. ಒಬ್ಬರ ಕಿಟಕಿ ಕಪ್ಪಾದ ಮೇಲೆ ಉಳಿದವರು ಬೆಳಕಿನಲ್ಲಿರುವುದು ಹೇಗೆ? ಮರುದಿನ ಇಡೀ ಚಾಳು ಕಪ್ಪಾಯಿತು. ಅದರ ಮರುದಿನ ಸೀಮೆಎಣ್ಣೆಯ ಕ್ಯೂ ಸ್ಟೇಶನ್ನಿನವರೆಗೂ ಬೆಳೆಯಿತು. ಕ್ಯೂನಲ್ಲಿ ನಿಂತವರು ಇದು ಯಾಕೆಂದು ಮುಂದಿನವರನ್ನು ಕೇಳಿದರು, ಮುಂದಿನವರು ಅವರ ಮುಂದಿನವರನ್ನು. ಹೀಗೆ ಕೇಳುತ್ತ ಹೋದ ಪ್ರಶ್ನೆ ಕೊನೆಗೆ ಪೊಲೀಸ್ ಚೌಕಿಗೆ ಮುಟ್ಟಿತು.

"ಏನ್ರಿ, ನೀವು ಏನು ಮಾಡ್ಲಕತ್ತೀರಿ ಅಂತ ನನಗರೆ ಹೇಳ್ರಿ," ಎಂದಳು ಸುಂದ್ರವ್ವ. "ಎಣ್ಣೀ ಸಿಗವಲ್ದು. ಲಟ್ಟಣಿಗಿಗೆ ಕುಳಿ ಬಿದ್ದಾವ. ಚಪಾತಿ ಲಟ್ಟಿಸಿದ್ರ ಗುಳ್ಳಿ ಏಳ್ತಾವ."

ಪಿಕ್ಚರಿನ ಕೆಲಸವೆಂದು ಅವಳಿಗೊಬ್ಬಳಿಗೆ ಪಿಸುಗುಟ್ಟಿದ. ಕಂಪನಿಯವರಿಗೆ ಗೊತ್ತೇ ಎಂದು ಅವಳು ಕೇಳಿದ್ದಕ್ಕೆ ಮಾತ್ರ ಕೇಳಿಸದವನಂತೆ ಮಲಗಿದ.

ಮುಂದಿನ ರವಿವಾರ ಸ್ಟುಡಿಯೋದಲ್ಲಿ ಪರೀಕ್ಷೆ. ಡಾಕುವಿನ ಪಾತ್ರದವನು ಕಣ್ಣು ಕೆಂಪಗೆ ಮಾಡಿಕೊಂಡು, ಒಂದೊಂದೇ ಕಾಡತೂಸನ್ನು ರೈಫಲ್ಲಿನ ಪಕ್ಕೆಯ ಕಿಂಡಿಗೆ ತುರುಕಿದ. ಕ್ಯಾಮೆರಾ ಹತ್ತಿರ ಬಂತು. ಹಿಡಿಕೆ ಎಳೆದ. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಖೋಕಾವೊಂದು ಅರ್ಧ ಹೊರಗೆ ಇಣುಕಿ, ಅಲ್ಲೇ ನಿಂತು, ಎಲ್ಲರನ್ನೂ ನೋಡತೊಡಗಿತು. ಡೈರೆಕ್ಟರು ಆಕಾಶ ನೋಡಿದರು. ಬಸವಂತರಾಯ ರೈಫಲ್ಲನ್ನು ಬಿಚ್ಚಿ ಬಗ್ಗಿಸಿದ. ಒಳಗಿನ ಅಷ್ಟೂ ಕಾಡತೂಸುಗಳ ಗುಂಡು ಖೋಕಾದೊಳಗೆ ಇಳಿದುಹೋಗಿ, ಬಾಯಿ ತೆರೆದ ಹಿತ್ತಾಳೆಯ ಕೊಳವೆಗಳಷ್ಟೇ ಮೇಜಿನ ಮೇಲೆ ಉರುಳಿದವು.

ಬಸವಂತರಾಯ ಬೈಯಲಿಲ್ಲ. ಬೈಗುಳಕ್ಕಿಂತ ಕೆಟ್ಟದ್ದಾಗಿ, ನಿಧಾನವಾಗಿ ತಿಳಿಸಿ ಹೇಳಿದ.

"ನೋಡ್ರಿ ಅಣವೀರಪ್ಪನೋರು. ಈ ಬಂದೂಕಿನಾಗ ಕಾಡತೂಸು ನಳಿಗಿ ಕೆಳಗಿನ ಇನ್ನೊಂದು ನಳಿಗ್ಯಾಗ ಸಾಲ್ ಹಿಡಿದು ಮಲಗ್ತಾವ. ಒಂದರ ಮೂಗು ಇನ್ನೊಂದರ ತಳಕ್ಕ. ತುದೀಗೆ ಸ್ಪ್ರಿಂಗ್ ಕುಂತು ಎಲ್ಲಾರನ್ನೂ ನೂಕ್ತದ. ವಿರಾರ್ ಲೋಕಲ್ ಕಂಡೀರಿಲ್ಲೋ? ಹಂಗ. ಬಾಯಿ ಬಿಗಿ ಇಲ್ಲ ಅಂದ್ರ ಗುಂಡು ಒಳಗ ಹೋಗಿ ಕುಂಡರ್ತದ."

"ಅದಕ್ಕೇನs ಗುಂಡಿನ ಮೂಗು ಚಪ್ಪಟಿ?" ಎಂದು ಅಣವೀರಪ್ಪ ಕೇಳಿದ. ಅವನಿಗೆ ನಿಜಕ್ಕೂ ಕುತೂಹಲ ಹುಟ್ಟಿತ್ತು, ಇದು ಅಪರೂಪ.

"ಮತ್ತ? ಖರೆ ಕಾಡತೂಸಿನ ತಳದಾಗ ಕಿಡಿ ಹೊತ್ತೋ ಟೊಪ್ಪಿಗಿ ಇರ್ತದ. ಅದಕ್ಕ ಹಿಂದಿನವನ ಚೂಪು ಮೂಗು ಬಡೀತಂದ್ರ ನಿಮ್ಮ ಹಲ್ಲು ನಿಮ್ಮ ಕೈಯಾಗ." ಬಸವಂತರಾಯ ಗುಂಡೊಂದನ್ನು ಎತ್ತಿ ಹಿಡಿದ. "ಇದರ ನಡಕ್ಕ ಗೀರು ಅದ ನೋಡ್ರಿ, ಕೂಸಿಗಿ ಉಡದಾರ ಕಟ್ಟಿದಂಗ. ಉಡದಾರದ ತನಕ ಗುಂಡು ಇಳೀಬೇಕು. ಖೋಕಾದ ಅಂಚು ಒಳಗ ಹೊಳ್ಳಿ ಆ ಗೀರಿನಾಗ ಕುಂಡರಬೇಕು. ಕಡಿಮಿ ಆದ್ರ ಮುಳುಗ್ತದ. ಹೆಚ್ಚಾದ್ರ ಖೋಕಾ ಹೊಟ್ಟಿ ಉಬ್ಬಿ ಒಳಗs ಹೋಗಂಗಿಲ್ಲ. ತಿಳೀತೇನ್ರಿ?"

"ಇದು ನನಗ ಮೊದಲs ಗೊತ್ತಿತ್ರಿ," ಎಂದ ಅಣವೀರಪ್ಪ. "ನಿಮ್ಮ ಬಾಯಿಂದ ಕೇಳಬೇಕಂತಿದ್ದೆ."

ಮಂಗಳವಾರ ಮತ್ತೆ ಶೂಟಿಂಗ್. ಅಷ್ಟರಲ್ಲಿ ಆಗಬೇಕೆಂದು ಅವನನ್ನು ಕಳಿಸಿದರು.

ಆ ರಾತ್ರಿಯ ಲೋಕಲ್‌ನಲ್ಲಿ ಜನರ ಮೊಣಕೈಗಳ ನಡುವೆ ನಿಂತು ಅಣವೀರಪ್ಪ ಉಡದಾರದ ಬಗ್ಗೆಯೇ ಯೋಚಿಸಿದ. ಲಟ್ಟಣಿಗೆ ಒಂದು ಕಡೆ ಬಡಿಯುತ್ತದೆ. ಬೇಕಾದದ್ದು ಸುತ್ತಲಿಂದಲೂ ಒಮ್ಮೆಗೇ ಅಮುಕುವಂಥದ್ದು. ಕಾಂದಿವಲಿ ದಾಟುವ ಹೊತ್ತಿಗೆ, ಅಂಥದ್ದೊಂದನ್ನು ತಾನು ವರ್ಷಗಳಿಂದ ಕಾಲಲ್ಲಿ ತುಳಿಯುತ್ತಿದ್ದೇನೆಂದು ಅವನಿಗೆ ಹೊಳೆಯಿತು.

ಸೋಮವಾರ ಊಟದ ಸುಟ್ಟಿಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಲು ಹೋದಾಗ ಅವನು ಮಷೀನಿನ ಹತ್ತಿರ ಉಳಿದ. ಸೂಪರ್‌ವೈಜರ್ ಪರಾಂಜಪೆ ಆ ಹೊತ್ತಿನಲ್ಲಿ ಕಛೇರಿಯ ಬಾಗಿಲು ಹಾಕಿಕೊಂಡು ಮಲಗುವುದು ಕಂಪನಿಯ ಅಲಿಖಿತ ನಿಯಮ. ಮಷೀನಿನ ಟೋಪಿ ದೊಡ್ಡದು, ಕಾಡತೂಸು ಸಣ್ಣದು. ನಡುವೆ ಕೂರಿಸಲು ಪಕ್ಕದ ಲೇಥಿನವನಿಂದ ಬೆಳಿಗ್ಗೆಯೇ ಒಳಗಡೆ ಇಳಿಜಾರಿರುವ ಒಂದು ಕಬ್ಬಿಣದ ಬಳೆ ಕೊರೆಸಿ ತಂದಿದ್ದ. ಮೊದಲ ಕಾಡತೂಸು ಇಟ್ಟು, ದೇವರ ಹೆಸರು ಹೇಳಿ, ಬಾಟ್ಲಿಗೆ ತುಳಿಯುವಂತೆಯೇ ತುಳಿದ. ಹೊರಬಂದ ಕಾಡತೂಸಿನ ಬಾಯಿ ಸುಕ್ಕುಸುಕ್ಕಾಗಿ, ಹಬ್ಬದ ಕರ್ಜಿಕಾಯಿಯ ಅಂಚಿನ ಹಾಗೆ ಮಡಚಿಕೊಂಡಿತ್ತು. ಹೊಟ್ಟೆಯೂ ಉಬ್ಬಿತ್ತು. ಎರಡನೆಯದೂ ಕರ್ಜಿಕಾಯಿ. ಮೂರನೆಯದು ತುಂಬು ಬಸುರಿ. ಇನ್ನೊಂದು ಇಟ್ಟು ಪೆಡಲ್ ಮೇಲೆ ಕಾಲಿಟ್ಟ, ಅರ್ಧ ತುಳಿದಿದ್ದ, ಅಷ್ಟರಲ್ಲಿ ಪರಾಂಜಪೆಯ ಬೂಟಿನ ಸದ್ದು ಕೇಳಿತು.

ಕಾಲು ತೆಗೆದು, ಬಳೆ ಕಳಚಿ ಜೇಬಿಗೆ ತುರುಕಿದ. ಕಾಡತೂಸು ಕೈಗೆ ಬಂತು. ಕರ್ಜಿಕಾಯಿಗಳು ಚಡ್ಡಿಯ ಜೇಬಿನಲ್ಲಿದ್ದವು, ಜೇಬಿನಲ್ಲಿ ಇನ್ನು ಜಾಗವಿರಲಿಲ್ಲ. ಪಕ್ಕದಲ್ಲಿ ತೊಳೆದಿಟ್ಟ ಬಾಟ್ಲಿಗಳ ಸಾಲಿತ್ತು. ಹತ್ತಿರದ ಬಾಟ್ಲಿಯನ್ನು ಓರೆ ಮಾಡಿ ಅದರ ಬಾಯಿಗೆ ಹಾಕಿಬಿಟ್ಟ. ಅದು ಸದ್ದಿಲ್ಲದೆ ಒಳಗಿಳಿಯಿತು.

ಪರಾಂಜಪೆ ಅಂದು ನಿದ್ದೆ ಬಿಟ್ಟು ಬಂದದ್ದಕ್ಕೆ ಕಾರಣವಿತ್ತು. ಸೇಠ್‌ಜಿ ನಾಳೆಯೇ ಬರುವವರು. ಕಂಪನಿ ನೋಡಿ, ಅಲ್ಲಿಂದ ಶೂಟಿಂಗ್ ನೋಡುವ ಆಸೆಯಂತೆ. ಕೊರಗಪ್ಪನಿಗೆ ಹೇಳಿ ವ್ಯವಸ್ಥೆ ಆಗಬೇಕು, ಕೊರಗಪ್ಪ ನಿನಗೆ ಪರಿಚಯವಲ್ಲವೆ ಎಂದು ಅಣವೀರಪ್ಪನನ್ನು ಕಛೇರಿಗೆ ಕರೆದುಕೊಂಡು ಹೋದ. ಇಷ್ಟು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿದ. ಅಣವೀರಪ್ಪ ಕುರ್ಚಿಯ ತುದಿಯಲ್ಲಿ ಕೂತು ಹೊರಗಿನ ಸದ್ದು ಕೇಳುತ್ತಿದ್ದ. ಗಂಟೆ ಹೊಡೆಯಿತು. ಶೆಟ್ಟೆಪ್ಪ ಬಾಟ್ಲಿಗಳಿಗೆ ರಾಸ್ಬೆರಿ ಶರಬತ್ತು ತುಂಬುವುದು ಕೇಳಿತು. ಮಷೀನಿನವನು ಇಲ್ಲದ್ದರಿಂದ ಉತ್ಸಾಹದಿಂದ ತಾನೇ ಬಿಲ್ಲೆ ಒತ್ತುವುದೂ ಕೇಳಿತು. ಅಣವೀರಪ್ಪ ಹೊರಗೆ ಬಂದಾಗ ತೊಳೆದಿಟ್ಟ ಬಾಟ್ಲಿಗಳ ಸಾಲು ಖಾಲಿ. ಕ್ರೇಟುಗಳೆಲ್ಲ ಟೆಂಪೋ ಏರಿ ಹೋಗಿದ್ದವು.

"ಎಲ್ಲಿಗಿ ಹೋತು ಆ ಮಾಲು?" ಎಂದು ಕೇಳಿದ.

"ಅಷ್ಟೂ ಕೊರಗಪ್ಪಗ," ಎಂದ ಶೆಟ್ಟೆಪ್ಪ. "ನಾಳಿ ಡಾಕುಗಳು ಭಾಳ ಮಂದಿ ಅದಾರಂತ."

ಮಂಗಳವಾರ ಬೆಳಿಗ್ಗೆ ಅಣವೀರಪ್ಪ ಕೆಲಸಕ್ಕೆ ಹೋಗಲಿಲ್ಲ. ಸೇಠ್‌ಜಿ ಬರುವ ದಿನವೇ ಟೆಂಪರ್ವರಿ ಮನುಷ್ಯ ರಜೆ ಹಾಕುವುದೆಂದರೆ ಗಿರಣಿಯ ಸ್ಟೂಲಿಗೆ ತಾನೇ ರುಮಾಲು ಹಾಸಿ ಜಾಗ ಹಿಡಿದಂತೆ. ಆದರೆ ರಾಸ್ಬೆರಿಯೊಳಗಿನ ಕಾಡತೂಸು ಯಾರದೋ ಬಾಯಿಗೆ ಹೋಗುವ ಮೊದಲು ಸಿಗಬೇಕಿತ್ತು. ಅವನು ನೇರ ಕೊರಗಪ್ಪನ ಕ್ಯಾಂಟೀನಿಗೆ ಹೋಗಿ, ಹಿಂದಿನ ಅಂಗಳದಲ್ಲಿ ಕ್ರೇಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬಾಟ್ಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡತೊಡಗಿದ. ರಾಸ್ಬೆರಿ ದಟ್ಟ ಕೆಂಪು. ಬಿಸಿಲಿಗೆ ಹಿಡಿಯದೆ ಒಳಗಿನದು ಕಾಣುವುದಿಲ್ಲ.

"ಎಂತ ಹುಡುಕುದು ಮಾರಾಯ್ರೆ?" ಎಂದ ಕೊರಗಪ್ಪ. "ಹಲ್ಲಿಯಾ?"

"ಹಲ್ಲಿ ಅಲ್ಲ."

"ಜಿರಳೆಯಾ?"

"ಅಲ್ರಿ."

"ಮತ್ತೆಂತ ಹೇಳಿ, ನಾನೂ ಹುಡುಕ್ತೇನೆ."

"ಸಿಕ್ಕ ಮ್ಯಾಲ ಹೇಳ್ತೀನಿ," ಎಂದ ಅಣವೀರಪ್ಪ.

ಏನೆಂದು ಹೇಳದೆ ಹುಡುಕುವವನನ್ನು ನೋಡಿ ಸುಮ್ಮನಿರುವ ಶಕ್ತಿ ಮುಂಬಯಿಯಲ್ಲಿ ಯಾರಿಗೂ ಇಲ್ಲ. ಚಹಾಕ್ಕೆ ಬಂದಿದ್ದ ಒಬ್ಬ ಡಾಕು ಹತ್ತಿರ ಬಂದು ತಾನೂ ಒಂದು ಬಾಟ್ಲಿ ಎತ್ತಿ ಬಿಸಿಲಿಗೆ ಹಿಡಿದ. ಅವನನ್ನು ನೋಡಿ ಇನ್ನೊಬ್ಬ. ಸ್ವಲ್ಪ ಹೊತ್ತಿನಲ್ಲಿ ಅಂಗಳದ ತುಂಬ ಕರಿ ಕಂಬಳಿ, ಕುಂಕುಮದ ಬೊಟ್ಟಿನ ಡಾಕುಗಳು ಕೆಂಪು ಬಾಟ್ಲಿಗಳನ್ನು ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನಿಂತಿದ್ದರು. ಯಾರಿಗೂ ಏನು ಹುಡುಕುತ್ತಿದ್ದೇವೆಂದು ಗೊತ್ತಿರಲಿಲ್ಲ.

ಸೇಠ್‌ಜಿ ಪರಾಂಜಪೆಯೊಡನೆ ಒಳಗೆ ಬಂದಾಗ ಕಂಡದ್ದು ಈ ದೃಶ್ಯ. ಪೂಜೆಯಿರಬೇಕೆಂದು ಅವರು ಚಪ್ಪಲಿ ಬಿಡಹೋದರು. ಅಷ್ಟರಲ್ಲಿ ನಡುವೆ ಕೂತಿದ್ದವನನ್ನು ಪರಾಂಜಪೆ ಗುರುತಿಸಿದ. ಅವನ ಮುಖ ರಾಸ್ಬೆರಿಯಾಯಿತು. ಅವನು ಬಾಯಿ ತೆರೆಯುವ ಮೊದಲೇ ಇನ್ನೊಂದು ಬಾಗಿಲಿನಿಂದ ದಹಿಸರ್ ಚೌಕಿಯ ಫೌಜದಾರ ಸಾಳವಿ ಬಂದ. ಚಾಳಿನಲ್ಲಿ ಕಪ್ಪು ಕಾಗದ ನೋಡಿ, ರುಕ್ಮಿಣಿಬಾಯಿಯ ಹೇಳಿಕೆ ಕೇಳಿ, ಸುಂದ್ರವ್ವ ತೋರಿಸಿದ ದಿಕ್ಕು ಹಿಡಿದು ಲೋಕಲ್‌ನಲ್ಲಿ ಬಂದಿದ್ದ. ಮನೆಯಲ್ಲಿ ಮದ್ದುಗುಂಡು ಮಾಡುವ ಅಣವೀರಪ್ಪ ಯಾರು ಎಂದು ಕೇಳಿದ. ಡಾಕುಗಳೆಲ್ಲ ಬಾಟ್ಲಿ ಇಳಿಸಿದರು.

ಬಸವಂತರಾಯ ಮೀಸೆ ನೇವರಿಸುತ್ತ ಮುಂದೆ ಬಂದು, ಲೈಸೆನ್ಸು ತೋರಿಸಿ, ಮದ್ದಿಲ್ಲದ ಖೋಕಾಗಳನ್ನು ಫೌಜದಾರನ ಅಂಗೈಯಲ್ಲಿ ಸುರಿದು, ಊದಿ ನೋಡಬಹುದೆಂದ. ಸಾಳವಿ ಒಂದನ್ನು ಊದಿದ. ಸೀಟಿಯಾಯಿತು. ಅವನಿಗೆ ಸ್ವಲ್ಪ ನಿರಾಸೆಯಾದದ್ದು ಎಲ್ಲರಿಗೂ ಕಂಡಿತು. ಇಷ್ಟು ದೂರ ಬಂದವನನ್ನು ಬರಿ ಬಾಯಲ್ಲಿ ಕಳಿಸಬಾರದೆಂದು ಕೊರಗಪ್ಪ ಹತ್ತಿರದ ಬಾಟ್ಲಿಯ ಬಿಲ್ಲೆ ಕಿತ್ತು ಗ್ಲಾಸಿಗೆ ಬಗ್ಗಿಸಿದ. ಕೆಂಪು ಶರಬತ್ತು ಇಳಿಯಿತು, ಇಳಿಯಿತು, ಕೊನೆಯಲ್ಲಿ ಟಣ್ ಎಂದಿತು.

ಗ್ಲಾಸಿನ ತಳದಲ್ಲಿ ಕಾಡತೂಸೊಂದು ಗುಳ್ಳೆಗಳ ನಡುವೆ ಮಲಗಿತ್ತು.

ಬಸವಂತರಾಯ ಎರಡು ಬೆರಳಿಂದ ಅದನ್ನೆತ್ತಿ, ಕರವಸ್ತ್ರದಿಂದ ಒರೆಸಿ, ಬಾಯನ್ನು ನೋಡಿದ. ಅಂಚು ಒಳಗೆ ಹೊರಳಿ ಉಡದಾರದ ಗೀರಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಹೆಬ್ಬೆರಳಿಂದ ಒತ್ತಿದ, ಗುಂಡು ಅಲುಗಲಿಲ್ಲ. ಮೇಜಿಗೆ ಮೂಗು ಊರಿ ಭಾರ ಹಾಕಿದ, ಅಲುಗಲಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದ, ಒಳಗೆ ಒಂದು ಹನಿ ರಾಸ್ಬೆರಿಯೂ ಹೋಗಿರಲಿಲ್ಲ. ರೈಫಲ್ಲಿಗೆ ಹಾಕಿ ಹಿಡಿಕೆ ಎಳೆದ. ಕಾಡತೂಸು ಒಳಗೆ ಹೋಗಿ, ಮತ್ತೆ ಎಳೆದಾಗ ಹೊರಗೆ ಹಾರಿ, ಸೇಠ್‌ಜಿಯ ಕಾಲಬುಡದಲ್ಲಿ ಬಿತ್ತು.

"ಇದs," ಎಂದ ಬಸವಂತರಾಯ, ಕಣ್ಣಲ್ಲಿ ನೀರು ತಂದು. "ಇದನ್ನ ಹೆಂಗ ಮಾಡಿದ್ರಿ ಅಣವೀರಪ್ಪನೋರು?"

ಅರ್ಧ ತುಳಿದು ಬಿಟ್ಟೆ ಎಂದರೆ, ಯಾವುದನ್ನು ಎಂಬ ಪ್ರಶ್ನೆ ಬರುತ್ತದೆ. ಮಷೀನಿನ ಮಾಲೀಕ ಎರಡು ಮಾರು ದೂರದಲ್ಲಿ ನಿಂತಿದ್ದ. ಅಣವೀರಪ್ಪ ಜನ್ಮದಲ್ಲಿ ಮೊದಲ ಬಾರಿಗೆ ಆ ಮಾತನ್ನು ಆಡಿದ.

"ಗೊತ್ತಿಲ್ರಿ."

ತನ್ನ ಕಂಪನಿಯ ಬಾಟ್ಲಿಗೆ ಇದು ಹೇಗೆ ಬಂತೆಂದು ಸೇಠ್‌ಜಿ ಹಿಂದಿಯಲ್ಲಿ ಕೇಳಿದರು. ಒಮ್ಮೆ ಆಡಿದ ಮಾತು ಎರಡನೆಯ ಸಲ ಸುಲಭವಾಗಿತ್ತು. ಅದನ್ನೂ ಗೊತ್ತಿಲ್ಲವೆಂದ.

"ಅವರನ್ನು ಕೇಳಿ ಎಂತ ಪ್ರಯೋಜನ ಸೇಠ್‌ಜಿ," ಎಂದ ಕೊರಗಪ್ಪ, ಗಿರಾಕಿಯ ಅಧಿಕಾರದಿಂದ. "ಬೆಳಗ್ಗೆಯಿಂದ ಈ ಅಣವೀರಪ್ಪ ಹುಡುಕಿದ್ದೇ ಇದನ್ನು. ರಜೆ ಹಾಕಿ ಬಂದು, ಒಂದೊಂದೇ ಬಾಟ್ಲಿ ಬಿಸಿಲಿಗೆ ಹಿಡಿದು. ನಾನು ಕೇಳಿದ್ರೂ, ಕಂಪನಿಯ ಮರ್ಯಾದೆ ಹೋಗ್ತದೆ ಅಂತ ಎಂತದ್ದೂಂತ ಹೇಳಲೂ ಇಲ್ಲ."

ಸೇಠ್‌ಜಿ ಅಣವೀರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಂಬಳವಿಲ್ಲದ ರಜೆಯೇ ಎಂದು ಪರಾಂಜಪೆಯನ್ನು ಕೇಳಿದರು. ಪರಾಂಜಪೆಗೆ ನಿನ್ನೆಯ ಊಟದ ಸುಟ್ಟಿ, ಒಂಟಿಯಾಗಿ ಮಷೀನಿನ ಹತ್ತಿರ ನಿಂತವನು, ಉಬ್ಬಿದ ಜೇಬು ಎಲ್ಲವೂ ಒಟ್ಟಿಗೆ ನೆನಪಾದವು. ಅದನ್ನು ಹೇಳಿದರೆ, ದಿನಾ ಆ ಹೊತ್ತಿಗೆ ತಾನೆಲ್ಲಿರುತ್ತೇನೆಂಬುದೂ ಅದರ ಹಿಂದೆಯೇ ಹೊರಗೆ ಬರಬೇಕಾಗಿತ್ತು.

"ಹೌದು ಸಾಹೇಬ," ಎಂದ. "ಪ್ರಾಮಾಣಿಕ ಮನುಷ್ಯ."

ತೊಳೆದ ಬಾಟ್ಲಿಗಳನ್ನು ತುಂಬುವ ಮೊದಲು ನೋಡುವವರು ಕಂಪನಿಯಲ್ಲಿ ಯಾರೂ ಇಲ್ಲವೇ ಎಂದು ಸೇಠ್‌ಜಿ ಕೇಳಿದರು. ಯಾರೂ ಇರಲಿಲ್ಲ. ಹಾಗಿದ್ದರೆ ಇನ್ನು ಇರಲಿ ಎಂದರು. ಫೌಜದಾರ ಸಾಳವಿಗೆ ಕೇಳಬೇಕಾದದ್ದು ಒಂದೇ ಉಳಿದಿತ್ತು, ಬೇರೆ ಬಾಟ್ಲಿ ಸಿಗುತ್ತದೆಯೇ ಎಂದು. ಸಿಕ್ಕಿತು. ಕುಡಿಯುವ ಮೊದಲು ಅವನೂ ಅದನ್ನು ಬಿಸಿಲಿಗೆ ಹಿಡಿದ.

ಚಾಳಿನಲ್ಲಿ ಕಪ್ಪು ಕಾಗದ ತೆಗೆಯಲು ಇನ್ನೊಂದು ವಾರ ಹಿಡಿಯಿತು. ಯುದ್ಧ ಮುಂದಕ್ಕೆ ಹೋಗಿದೆ ಎಂದು ರುಕ್ಮಿಣಿಬಾಯಿ ಎಲ್ಲರಿಗೂ ತಿಳಿಸಿದಳು. ಸುಂದ್ರವ್ವ ಹೊಸ ಲಟ್ಟಣಿಗೆ ತಂದಳು. ನೀಲಕಂಠಪ್ಪ ಗಿರಣಿಯ ಸ್ಟೂಲಿನ ಮೇಲೆ ಬೇರೆಯವನನ್ನು ಕೂರಿಸಿದ. ಸರಿಯಾಗಿ ಬಾಯಿ ಬಿಗಿದ ಕಾಡತೂಸು ಇದ್ದದ್ದು ಒಂದೇ ಆದ್ದರಿಂದ ಪಿಕ್ಚರಿನಲ್ಲಿ ಡಾಕು ಅದೇ ಒಂದನ್ನು ಮತ್ತೆ ಮತ್ತೆ ತುಂಬುತ್ತಾನೆ, ನೋಡಿದವರಿಗೆ ಗೊತ್ತಾಗುವುದಿಲ್ಲ. ಖಾಲಿ ಇದ್ದ ಪರ್ಮನೆಂಟ್ ಜಾಗ ಮತ್ತು ಬಿಲ್ಲೆ ಒತ್ತುವ ಮಷೀನು ಶೆಟ್ಟೆಪ್ಪನಿಗೆ ಹೋದವು. ಅಣವೀರಪ್ಪ, ಟ್ಯೂಬ್‌ಲೈಟಿನ ಮುಂದೆ ಕೂತು ಖಾಲಿ ಬಾಟ್ಲಿಗಳ ಒಳಗೆ ಏನೂ ಇಲ್ಲವೆಂದು ನೋಡುವ ಕೆಲಸದಲ್ಲಿ, ಪರ್ಮನೆಂಟ್ ಆದ.